ಹೋಲ್ಡ್ ಆದ ಕ್ಯಾಬಿನ್, ಕಟ್ಟದ ಹಣ: ಶಿರಸಿಯ ಕುಟುಂಬವೊಂದರ ಕ್ರೂಸ್ ಬುಕಿಂಗ್ ಪ್ರಕರಣ

ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ ಕುಟುಂಬವೊಂದು ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಗಳ ಕ್ರೂಸ್ ಪ್ರವಾಸಕ್ಕೆ ಆನ್‌ಲೈನ್ ಟ್ರಾವೆಲ್ ಏಜೆಂಟ್ ಒಬ್ಬರ ಮೂಲಕ 75,000 ರೂಪಾಯಿ ಕಟ್ಟಿತು. ಅದರಲ್ಲಿ ಒಂದು ಪಾಲು ವಾಪಸು ಬಂದಿದೆ, ಇನ್ನೊಂದು ಪಾಲಿಗಾಗಿ ದೂರು ನಡೆಯುತ್ತಿದೆ. ಕುಟುಂಬದವರು ವಾಟ್ಸ್‌ಆ್ಯಪ್ ಸಂದೇಶಗಳು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಮತ್ತು ಹಡಗು ಕಂಪನಿಯಿಂದ ಬಂದ ಇಮೇಲ್‌ಗಳನ್ನು ನೋಡಲು ಕೊಟ್ಟಿದ್ದಾರೆ. ಅವರ ಗುರುತು ಹೇಳುವ ವಿವರಗಳನ್ನೂ ಏಜೆಂಟರ ಮತ್ತು ಹಡಗು ಕಂಪನಿಯ ಹೆಸರುಗಳನ್ನೂ ಇಲ್ಲಿ ಬಿಟ್ಟಿದ್ದೇನೆ. ನಕಲಿ ವೆಬ್‌ಸೈಟ್ ಕಟ್ಟಿ ಹಣ ಎತ್ತಿಕೊಂಡು ಮಾಯವಾಗುವ ಮೋಸದ ಬಗ್ಗೆ ಸಾಕಷ್ಟು ಎಚ್ಚರಿಕೆಗಳು ಬಂದಿವೆ. ಈ ಪ್ರಕರಣ ಆ ಜಾತಿಯದಲ್ಲ. ಇಲ್ಲಿ ಹಡಗು ನಿಜ, ಕ್ಯಾಬಿನ್ ನಿಜ, ಕೊಟ್ಟ ಬುಕಿಂಗ್ ಸಂಖ್ಯೆಯೂ ನಿಜ. ಕುಟುಂಬದವರು ಹಡಗು ಕಂಪನಿಗೆ ಫೋನ್ ಮಾಡಿ ವಿಚಾರಿಸಿಯೂ ಇದ್ದರು. ಆದರೂ ಹಣ ಹೋಯಿತು ಎಂಬುದೇ ಇದನ್ನು ವಿವರವಾಗಿ ಬರೆಯಲು ಕಾರಣ.

ತಂದೆಯ ಷಷ್ಟ್ಯಬ್ದಿಯ ವರ್ಷದಲ್ಲಿ ತಂದೆ, ತಾಯಿ, ಮಗ, ಸೊಸೆ ನಾಲ್ವರೂ ಒಟ್ಟಿಗೆ ಎಲ್ಲಿಗಾದರೂ ಹೋಗಬೇಕೆಂಬ ಯೋಚನೆ ಮೊದಲಿನಿಂದ ಇತ್ತು. ಕೊನೆಕೊಯ್ಲು, ಸುಲಿಯುವುದು, ಒಣಗಿಸುವುದು ಎಲ್ಲ ಮುಗಿದು ತೋಟದ ಕೆಲಸ ಹಗುರಾಗುವ ಏಪ್ರಿಲ್ ಕೊನೆಯ ವಾರವನ್ನು ಆರಿಸಿಕೊಂಡರು. ಶಿರಸಿಯಲ್ಲಾಗಲಿ ಸೊಸೆ ಕೆಲಸ ಮಾಡುವ ಕಾರವಾರದಲ್ಲಾಗಲಿ ಬಸ್ಸು, ವಿಮಾನದ ಟಿಕೆಟ್ ಮಾಡಿಸಿಕೊಡುವ, ಕಾಶಿ–ರಾಮೇಶ್ವರ ಯಾತ್ರೆ ಹೊರಡಿಸುವ ಟ್ರಾವೆಲ್ಸ್‌ನವರು ಇದ್ದಾರೆಯೇ ಹೊರತು ಹಡಗಿನ ಕ್ಯಾಬಿನ್ ಮಾರಿ ಅನುಭವವಿರುವವರು ಅವರಿಗೆ ಸಿಗಲಿಲ್ಲ. ಒಂದು ಕಾಲಕ್ಕೆ ಮುಂಬಯಿಯ ಉಗಿಹಡಗುಗಳು ಬಂದು ನಿಲ್ಲುತ್ತಿದ್ದ ಕಾರವಾರದಲ್ಲಿ ಇಂದು ಪ್ರವಾಸಿ ಹಡಗು ಹತ್ತಬೇಕೆಂದರೆ ಮುರ್ಮಗೋವಾ, ಕೊಚ್ಚಿ, ಮುಂಬಯಿ ಎಂದು ಹೊರಗೇ ನೋಡಬೇಕು. ಹೀಗಾಗಿ ಮಗ ಇಂಟರ್‌ನೆಟ್‌ನಲ್ಲಿ ಹುಡುಕಿದ್ದು ಆತುರವೂ ಅಲ್ಲ, ಶೋಕಿಯೂ ಅಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ.

ರಿಯಾಯಿತಿಯ ಲೆಕ್ಕ

ಹಡಗು ಕಂಪನಿಯ ಸ್ವಂತ ಜಾಲತಾಣದಲ್ಲಿ ಆ ಯಾನದ ಬಾಲ್ಕನಿ ಕ್ಯಾಬಿನ್‌ಗೆ, ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಎಂಬ ಲೆಕ್ಕದಲ್ಲಿ, ತಲಾ ಮೂಲದರ 52,000 ರೂಪಾಯಿ ಮತ್ತು ಬಂದರು ಶುಲ್ಕ ಹಾಗೂ ತೆರಿಗೆ 11,000 ರೂಪಾಯಿ, ಒಟ್ಟು 63,000 ರೂಪಾಯಿ ಇತ್ತು. ನಾಲ್ವರಿಗೆ 2,52,000. ಏಜೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದರಪಟ್ಟಿಯಲ್ಲಿ ಅದೇ ಹಡಗು, ಅದೇ ದಿನ, ಅದೇ ದರ್ಜೆಯ ಕ್ಯಾಬಿನ್, ಜೊತೆಗೆ ಸಿಂಗಪುರದಲ್ಲಿ ಒಂದು ರಾತ್ರಿಯ ಹೋಟೆಲ್ ಮತ್ತು ವೀಸಾ, ಎಲ್ಲವೂ ಸೇರಿ ತಲಾ 36,000 ರೂಪಾಯಿ. ನಾಲ್ವರಿಗೆ 1,44,000.

ಇಷ್ಟು ಕಡಿಮೆ ಬೆಲೆ ಸಾಧ್ಯವೇ ಎಂದು ತಿಳಿಯಲು ಏಜೆಂಟರ ರಿಯಾಯಿತಿ ಯಾರ ಜೇಬಿನಿಂದ ಬರುತ್ತದೆ ಎಂಬುದನ್ನು ನೋಡಬೇಕು. ಹಡಗು ಕಂಪನಿಗಳು ಏಜೆಂಟರಿಗೆ ಕೊಡುವ ಕಮಿಷನ್ ಸಾಮಾನ್ಯವಾಗಿ ಮೂಲದರದ ಶೇ 10ರಿಂದ 16ರವರೆಗೆ ಇರುತ್ತದೆ. ಬಂದರು ಶುಲ್ಕ ಮತ್ತು ತೆರಿಗೆಯ ಮೇಲೆ ಕಮಿಷನ್ ಇಲ್ಲ. ಏಜೆಂಟರು ಗ್ರಾಹಕರಿಗೆ ಬಿಟ್ಟುಕೊಡುವುದು ಈ ಕಮಿಷನ್‌ನ ಒಂದು ಪಾಲನ್ನು. ಶೇ 16ರಷ್ಟು ಕಮಿಷನ್ ಪೂರ್ತಿ ಬಿಟ್ಟುಕೊಟ್ಟು, ಒಂದು ರೂಪಾಯಿಯನ್ನೂ ಇಟ್ಟುಕೊಳ್ಳದೆ ಮಾರಿದರೂ ಇಲ್ಲಿ ಇಳಿಯುವುದು ತಲಾ 8,320 ರೂಪಾಯಿ, ಅಂದರೆ ಬೆಲೆ 54,680 ರೂಪಾಯಿಗೆ ನಿಲ್ಲಬೇಕು. ಅದಕ್ಕಿಂತ 18,680 ರೂಪಾಯಿ ಕೆಳಗೆ, ಹೋಟೆಲ್ ಮತ್ತು ವೀಸಾವನ್ನೂ ಕೈಯಿಂದ ಹಾಕಿ ಮಾರುವವರು ಯಾವುದೋ ಒಂದು ಕಡೆ ನಷ್ಟ ಮಾಡಿಕೊಳ್ಳಬೇಕು, ಇಲ್ಲವೇ ಆ ಬೆಲೆಗೆ ಟಿಕೆಟ್ ಕೊಡುವ ಉದ್ದೇಶವೇ ಅವರಿಗಿರಬಾರದು.

ಹಾಗೆಂದು ದೊಡ್ಡ ರಿಯಾಯಿತಿಗಳೆಲ್ಲ ಸುಳ್ಳು ಎಂದಲ್ಲ. ಕ್ಯಾಬಿನ್‌ಗಳು ಖಾಲಿ ಉಳಿದರೆ ಹಡಗು ಕಂಪನಿಯೇ ಬೆಲೆ ಇಳಿಸುತ್ತದೆ, ಆದರೆ ಆ ಇಳಿಕೆ ಅದರ ಸ್ವಂತ ಜಾಲತಾಣದಲ್ಲೂ ಕಾಣುತ್ತದೆ. ದೊಡ್ಡ ಏಜೆನ್ಸಿಗಳು ಗುಂಪಿನ ಹೆಸರಿನಲ್ಲಿ ಹಿಂದಿನ ದರಕ್ಕೇ ಒಂದಷ್ಟು ಕ್ಯಾಬಿನ್‌ಗಳನ್ನು ಹಿಡಿದಿಟ್ಟುಕೊಂಡು, ದರ ಏರಿದ ಮೇಲೆ ಹಳೆಯ ಬೆಲೆಗೆ ಮಾರುವುದುಂಟು. ಯಾವ ಕ್ಯಾಬಿನ್ ಎಂದು ಕೊನೆಯವರೆಗೆ ಹೇಳದೆ ದರ್ಜೆಯನ್ನು ಮಾತ್ರ ಖಾತ್ರಿಪಡಿಸುವ 'ಗ್ಯಾರಂಟಿ' ಕ್ಯಾಬಿನ್ ಅಗ್ಗವಾಗಿ ಸಿಗುತ್ತದೆ. ಒಂದೇ ಕ್ಯಾಬಿನ್‌ನಲ್ಲಿ ಮಲಗುವ ಮೂರನೆಯ, ನಾಲ್ಕನೆಯ ಪ್ರಯಾಣಿಕರಿಗೆ ದರ ಕಡಿಮೆ. ಇವುಗಳಲ್ಲಿ ಯಾವುದು ಎಂದು ಕೇಳಿದರೆ ಸಾಚಾ ಏಜೆಂಟರು ಒಂದು ವಾಕ್ಯದಲ್ಲಿ ಉತ್ತರಿಸುತ್ತಾರೆ. ಈ ಏಜೆಂಟರಿಗೆ ಮಗ ಆ ಪ್ರಶ್ನೆ ಕೇಳಿದ್ದ. ಬಂದ ಉತ್ತರ "ನಮ್ಮ ಸ್ಪೆಷಲ್ ಟೈ-ಅಪ್ ಸರ್, ಎರಡೇ ಕ್ಯಾಬಿನ್ ಉಳಿದಿದೆ" ಎಂಬುದಷ್ಟೇ. ಇಲ್ಲದ ಕೊರತೆಯನ್ನು ತೋರಿಸಿ ಗ್ರಾಹಕರನ್ನು ಅವಸರಕ್ಕೆ ದೂಡುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಬಗೆಯ ಮರೆಮೋಸದ ತಂತ್ರಗಳಲ್ಲಿ ಒಂದೆಂದು ಗುರುತಿಸಿದೆ. ಏಜೆಂಟರ ಈ ಉತ್ತರ ಬಂದ ದಿನವೇ ಹಡಗು ಕಂಪನಿಯ ಜಾಲತಾಣದಲ್ಲಿ ಆ ದರ್ಜೆಯ ಕ್ಯಾಬಿನ್‌ಗಳನ್ನು ಹತ್ತಾರು ಸಂಖ್ಯೆಗಳ ನಡುವೆ ಆರಿಸಿಕೊಳ್ಳುವ ಅವಕಾಶವಿತ್ತು ಎಂಬುದು ಮಗ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ನಲ್ಲೇ ಕಾಣುತ್ತದೆ.

ಮುಂಗಡವಾಗಿ 30,000 ರೂಪಾಯಿಯನ್ನು ಯುಪಿಐ ಮೂಲಕ ಕಳಿಸಲಾಯಿತು. ಪಾವತಿಯ ಪರದೆಯಲ್ಲಿ ಕಂಡದ್ದು ಸಂಸ್ಥೆಯ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಕೇಳಿದಾಗ "ಅವರು ನಮ್ಮ ಅಕೌಂಟ್ಸ್ ನೋಡುವವರು" ಎಂಬ ಸಮಜಾಯಿಷಿ ಬಂತು. ದರಪಟ್ಟಿಯ ಅಡಿಯಲ್ಲಿ ಜಿಎಸ್‌ಟಿ ಸಂಖ್ಯೆ ಇತ್ತು, ಮತ್ತು ಅದು ಚಾಲ್ತಿಯಲ್ಲಿದ್ದ ಸಂಖ್ಯೆಯೇ ಆಗಿತ್ತು. ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಲಾಗಿನ್ ಇಲ್ಲದೆ ಹುಡುಕಿ ನೋಡಬಹುದಾದ ಪುಟದಲ್ಲಿ ಆ ಸಂಖ್ಯೆಯ ಎದುರು ಬೇರೆಯೇ ವ್ಯಾಪಾರನಾಮವಿತ್ತು. ಈ ಹುಡುಕಾಟ ನಡೆದದ್ದು ಹಣ ಹೋದ ಮೇಲೆ.

ಬುಕಿಂಗ್ ಸಂಖ್ಯೆ ಹೇಳಿದ್ದೇನು?

ಮುಂಗಡ ಕಳಿಸಿದ ಮರುದಿನ ಎರಡು ಕ್ಯಾಬಿನ್‌ಗಳ ಬುಕಿಂಗ್ ಸಂಖ್ಯೆಗಳು ಬಂದವು. ಮಗ ಸುಮ್ಮನೆ ನಂಬಲಿಲ್ಲ. ಹಡಗು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, ಸಂಖ್ಯೆ ಮತ್ತು ಯಾನದ ದಿನಾಂಕ ಹೇಳಿ, ಈ ಬುಕಿಂಗ್ ಇದೆಯೇ ಎಂದು ಕೇಳಿದ. ಇದೆ ಎಂಬ ಉತ್ತರ ಬಂತು. ಏಜೆಂಟರ ಮಾತು ಸಾಚಾ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ ಎಂದು ಅವನಿಗೆ ಅನ್ನಿಸಿದ್ದು ಸಹಜ.

ಆದರೆ ಹಡಗು ಕಂಪನಿಗಳ ವ್ಯವಹಾರದಲ್ಲಿ ಬುಕಿಂಗ್ ಸಂಖ್ಯೆ ಹುಟ್ಟುವುದಕ್ಕೆ ಹಣ ಬೇಕಾಗಿಲ್ಲ. ಗ್ರಾಹಕರು ಯೋಚಿಸಿ ನಿರ್ಧರಿಸಲಿ ಎಂದು ಏಜೆಂಟರು ಒಂದು ಕ್ಯಾಬಿನ್ ಅನ್ನು ಕೆಲವು ದಿನಗಳ ಮಟ್ಟಿಗೆ ಡೆಪಾಸಿಟ್ ಇಲ್ಲದೆ ಹೋಲ್ಡ್ ಮಾಡಿಡುವ ಸೌಲಭ್ಯ ಅನೇಕ ಕಂಪನಿಗಳಲ್ಲಿದೆ. ಹೋಲ್ಡ್ ಆದ ಕ್ಷಣದಲ್ಲೇ ಸಂಖ್ಯೆ ಸಿಗುತ್ತದೆ. ಅವಧಿ ಮುಗಿಯುವುದರೊಳಗೆ ಡೆಪಾಸಿಟ್ ಹೋಗದಿದ್ದರೆ ಅದು ತಾನಾಗಿ ರದ್ದಾಗಿ ಕ್ಯಾಬಿನ್ ಮತ್ತೆ ಮಾರಾಟಕ್ಕೆ ಬರುತ್ತದೆ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಕರವಸ್ತ್ರ ಎಸೆದಂತೆ ಇದು: ಜಾಗ ಹಿಡಿದದ್ದು ಹೌದು, ಟಿಕೆಟ್ ಕೊಟ್ಟದ್ದು ಅಲ್ಲ. ಮಗ ಕೇಳಿದ ಪ್ರಶ್ನೆಗೆ ಕಂಪನಿ ಕೊಟ್ಟ ಉತ್ತರ ಸತ್ಯವೇ. ಆ ಪ್ರಶ್ನೆ ಸಾಲದಾಗಿತ್ತು, ಅಷ್ಟೆ. ಬುಕಿಂಗ್ ಇದೆಯೇ ಎಂದಲ್ಲ, ಈ ಬುಕಿಂಗ್‌ಗೆ ಡೆಪಾಸಿಟ್ ಬಂದಿದೆಯೇ, ಬಂದಿಲ್ಲವಾದರೆ ಹೋಲ್ಡ್ ಯಾವ ದಿನ ಮುಗಿಯುತ್ತದೆ ಎಂದು ಕೇಳಬೇಕಿತ್ತು. ಏಜೆಂಟರ ಮೂಲಕ ಆದ ಬುಕಿಂಗ್‌ನ ಹಣದ ವಿವರವನ್ನು ಕೆಲವು ಕಂಪನಿಗಳು ಪ್ರಯಾಣಿಕರಿಗೆ ಫೋನಿನಲ್ಲಿ ಹೇಳುವುದಿಲ್ಲ, ಏಜೆಂಟರನ್ನೇ ಕೇಳಿ ಎನ್ನುತ್ತವೆ. ಆಗ ಏಜೆಂಟರಿಂದ ಕೇಳಿ ಪಡೆಯಬೇಕಾದದ್ದು ಅವರ ಸ್ವಂತ ರಸೀದಿಯನ್ನಲ್ಲ; ಡೆಪಾಸಿಟ್ ಸ್ವೀಕರಿಸಿದ ಮೊತ್ತ, ಬಾಕಿ ಮೊತ್ತ ಮತ್ತು ಬಾಕಿ ಕಟ್ಟಬೇಕಾದ ಕೊನೆಯ ದಿನ, ಈ ಮೂರೂ ಇರುವ, ಹಡಗು ಕಂಪನಿಯೇ ಹೊರಡಿಸಿದ ದೃಢೀಕರಣ ಪತ್ರವನ್ನು. ಏಜೆಂಟರು ಇಲ್ಲಿ ಕಳಿಸಿದ್ದು ತಮ್ಮದೇ ಲಾಂಛನವಿದ್ದ ಒಂದು ಪುಟದ ಪಿಡಿಎಫ್. ಅದರಲ್ಲಿ ಹಡಗಿನ ಚಿತ್ರ ಅರ್ಧ ಪುಟ ತುಂಬಿತ್ತು, ಹಣದ ಸ್ಥಿತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಫೋನ್ ಕರೆಯ ಧೈರ್ಯದ ಮೇಲೆ ಎರಡನೆಯ ಕಂತು ಹೋಯಿತು. "ವೀಸಾ ಮತ್ತು ಬಂದರು ಶುಲ್ಕ" ಎಂಬ ಹೆಸರಿನಲ್ಲಿ 45,000 ರೂಪಾಯಿ. ಯುಪಿಐನ ದಿನದ ಮಿತಿ ಅಡ್ಡ ಬಂದದ್ದರಿಂದ ಏಜೆಂಟರು ಪೇಮೆಂಟ್ ಲಿಂಕ್ ಕಳಿಸಿದರು, ಮಗ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ. ಮುಂದೆ ಈ ಆಕಸ್ಮಿಕವೇ ಕುಟುಂಬವನ್ನು ಅರ್ಧ ಉಳಿಸಿತು.

ಒಂದು ವಾರದೊಳಗೆ ಮೂರನೆಯ ಸಂದೇಶ ಬಂತು: ಉಳಿದ 69,000 ರೂಪಾಯಿಯನ್ನು 24 ಗಂಟೆಯೊಳಗೆ ಕಟ್ಟಬೇಕು, ಇಲ್ಲವಾದರೆ ಬುಕಿಂಗ್ ರದ್ದು. ಇಲ್ಲಿ ತಡೆದದ್ದು ತಾಯಿ. ಅವರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಸಾಲು ಖಾಲಿಯಿದ್ದು, ಪೂರ್ತಿ ಹೆಸರು ಮೇಲಿನ ಒಂದೇ ಸಾಲಿನಲ್ಲಿದೆ. ಇದರಿಂದ ಹಿಂದೊಮ್ಮೆ ವಿಮಾನದ ಟಿಕೆಟ್ ಮಾಡಿಸುವಾಗ ತಾಪತ್ರಯವಾಗಿದ್ದು ಅವರಿಗೆ ನೆನಪಿತ್ತು. ಈ ಬಾರಿ ಆ ಪ್ರಶ್ನೆಯನ್ನೇ ಯಾರೂ ಎತ್ತಿಲ್ಲವಲ್ಲ ಎಂಬುದು ಅವರ ಸಂಶಯ. "ಮಾಣಿ, ಪಾಸ್‌ಪೋರ್ಟ್ ನೋಡ್ದೇ ವೀಸಾ ಯಾರು ಕೊಡ್ತ? ಇನ್ನು ಒಂದು ಪೈಸೆ ಕಳಸಡ" ಎಂದರು. ಸಿಂಗಪುರದ ವೀಸಾಕ್ಕೆ ಭಾರತೀಯರು ಸಾಮಾನ್ಯವಾಗಿ ಅಧಿಕೃತ ವೀಸಾ ಏಜೆಂಟರ ಮೂಲಕ ಅರ್ಜಿ ಹಾಕುತ್ತಾರೆ. ಅದಕ್ಕೆ 14ಎ ನಮೂನೆ, ಭಾವಚಿತ್ರ, ಪಾಸ್‌ಪೋರ್ಟ್ ಪುಟದ ಪ್ರತಿ ಬೇಕು. ಇವುಗಳಲ್ಲಿ ಒಂದನ್ನೂ ಕೇಳದೆ ವೀಸಾ ಶುಲ್ಕ ವಸೂಲಿ ಮಾಡಲಾಗಿತ್ತು.

ಪಾಸ್‌ಪೋರ್ಟ್ ಮಾತ್ರವಲ್ಲ, ಪ್ಯಾನ್ ಸಂಖ್ಯೆಯನ್ನೂ ಕೇಳಿರಲಿಲ್ಲ ಎಂಬುದು ಆಮೇಲೆ ತಂದೆಗೆ ಹೊಳೆಯಿತು. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು 2020ರ ಅಕ್ಟೋಬರ್ 1ರಿಂದ ಗ್ರಾಹಕರಿಂದ ಟಿಸಿಎಸ್ (ಮಾರುವವರೇ ಬೆಲೆಯ ಜೊತೆ ವಸೂಲಿ ಮಾಡುವ ಆದಾಯ ತೆರಿಗೆ) ಸಂಗ್ರಹಿಸಿ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಆ ಮೊತ್ತ ಗ್ರಾಹಕರ ಪ್ಯಾನ್‌ಗೆ ಜಮೆಯಾಗಿ ಅವರ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳಿ ಬರುತ್ತದೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಇಲ್ಲಿ ಬರೆದಿಲ್ಲ. ಹೋಟೆಲ್, ಹಡಗು, ವೀಸಾ ಎಲ್ಲ ಸೇರಿದ ವಿದೇಶ ಪ್ಯಾಕೇಜ್‌ಗೆ ಪ್ಯಾನ್ ಕೇಳದ, ಟಿಸಿಎಸ್ ಸಾಲು ಇಲ್ಲದ ದರಪಟ್ಟಿ ಕೈಗೆ ಬಂದರೆ, ನನ್ನ ದೃಷ್ಟಿಯಲ್ಲಿ, ಜಾಲತಾಣದ ಅಂದಚೆಂದ ಮತ್ತು ನಕ್ಷತ್ರಗಳ ವಿಮರ್ಶೆಗಿಂತ ಅದೇ ದೊಡ್ಡ ಸುಳಿವು. ತೆರಿಗೆ ಉಳಿಯಿತು ಎಂದು ಅದನ್ನು ಲಾಭವೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬೇಕಾದಷ್ಟಿದೆ.

ಮರುದಿನ ಕಾರವಾರದಿಂದ ಸೊಸೆ ಹಡಗು ಕಂಪನಿಗೆ ಮತ್ತೆ ಫೋನ್ ಮಾಡಿ, ಈ ಬಾರಿ ಡೆಪಾಸಿಟ್ ಬಗ್ಗೆಯೇ ಕೇಳಿದರು. ಎರಡೂ ಹೋಲ್ಡ್‌ಗಳು ಹಣ ಬಾರದೆ ಅವಧಿ ಮುಗಿದು ರದ್ದಾಗಿದ್ದವು. "ಮಾವ, ನಂಬರ್ ಇದ್ದಿತ್ತು, ದುಡ್ಡು ಹೋಯ್ದಿಲ್ಲೆ" ಎಂದು ಅವರು ಮನೆಗೆ ತಿಳಿಸಿದ ಹೊತ್ತಿಗೂ ಏಜೆಂಟರ ಕಡೆಯಿಂದ 69,000ಕ್ಕಾಗಿ ಸಂದೇಶಗಳು ಬರುತ್ತಲೇ ಇದ್ದವು. ಸೊಸೆ ಅಲ್ಲಿಗೇ ನಿಲ್ಲದೆ, ರದ್ದಾದ ವಿಷಯವನ್ನು ಇಮೇಲ್‌ನಲ್ಲಿ ಬರೆದು ಕಳಿಸುವಂತೆ ಕಂಪನಿಯನ್ನು ಕೇಳಿ ಪಡೆದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕಾಗದ ಅದು.

ಹಣ ಹೋದ ಎರಡು ದಾರಿ

ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ 45,000 ರೂಪಾಯಿಯ ಬಗ್ಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಹಣ ಕಟ್ಟಿದ ಸೇವೆ ಸಿಕ್ಕಿಲ್ಲ ಎಂಬ ಕಾರಣ ನೀಡಿ ಚಾರ್ಜ್‌ಬ್ಯಾಕ್ (ಕಾರ್ಡ್‌ನಲ್ಲಿ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕ ಹಿಂದಕ್ಕೆ ಪಡೆಯುವ ಕ್ರಮ) ಕೋರಲಾಯಿತು. ಕಾರ್ಡ್ ಜಾಲಗಳ ನಿಯಮದಲ್ಲಿ ಇಂತಹ ತಕರಾರಿಗೆ ಸಾಮಾನ್ಯವಾಗಿ 120 ದಿನಗಳ ಅವಕಾಶವಿದ್ದು, ಪ್ರವಾಸದಂತಹ ಮುಂದೆ ಸಿಗಬೇಕಾದ ಸೇವೆಗೆ ಆ ಲೆಕ್ಕ ಸೇವೆ ಸಿಗಬೇಕಿದ್ದ ದಿನದಿಂದ ಹಿಡಿಯಲ್ಪಡುತ್ತದೆ. ಆದರೂ ಬ್ಯಾಂಕ್‌ಗಳು ತಮ್ಮದೇ ಗಡುವು ಇಟ್ಟಿರುವುದರಿಂದ ತಡ ಮಾಡುವುದು ಜಾಣತನವಲ್ಲ. ಹಡಗು ಕಂಪನಿಯ ಇಮೇಲ್, "ವೀಸಾ ಮತ್ತು ಬಂದರು ಶುಲ್ಕ" ಎಂದು ಬರೆದಿದ್ದ ಪೇಮೆಂಟ್ ಲಿಂಕ್‌ನ ಚಿತ್ರ, ಪಾಸ್‌ಪೋರ್ಟ್ ಪ್ರತಿ ಕೇಳಿದ ಒಂದೂ ಸಂದೇಶವಿಲ್ಲದ ವಾಟ್ಸ್‌ಆ್ಯಪ್ ಸಂಭಾಷಣೆಯ ಪೂರ್ತಿ ಪ್ರತಿ, ಇವುಗಳನ್ನು ಲಗತ್ತಿಸಲಾಯಿತು. ಏಜೆಂಟರು ಎದುರು ದಾಖಲೆ ಒದಗಿಸಲಿಲ್ಲ. ಮೊದಲು ತಾತ್ಕಾಲಿಕವಾಗಿ ಜಮೆಯಾದ ಹಣ ಆಮೇಲೆ ಖಾಯಂ ಆಯಿತು.

ಯುಪಿಐನಲ್ಲಿ ಹೋದ 30,000 ರೂಪಾಯಿಯ ಕಥೆ ಬೇರೆ. ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಬ್ಯಾಂಕ್ ಹಣ ತುಂಬಿಕೊಡುತ್ತದೆ ಎಂಬ ಮಾತನ್ನು ಪರಿಚಯದವರು ಹೇಳಿದ್ದರು. ಅದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಅರೆಬರೆ ನೆನಪು. ಗ್ರಾಹಕರ ಅರಿವಿಲ್ಲದೆ ಖಾತೆಯಿಂದ ಹಣ ಹೋದಾಗ ಮಾತ್ರ ಅದು ಅನ್ವಯಿಸುತ್ತಿತ್ತು. ಇಲ್ಲಿ ಮಗ ತಾನೇ ಪಿನ್ ಒತ್ತಿ ಕಳಿಸಿದ್ದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ವಿಷಯ ತಿಳಿಸಲಾಯಿತು. ಹಣ ಇನ್ನೂ ಸಂಬಂಧಪಟ್ಟ ಖಾತೆಗಳಲ್ಲಿ ಇರುವಾಗಲೇ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯುವ ವ್ಯವಸ್ಥೆ ಈ ಸಹಾಯವಾಣಿಯ ಹಿಂದಿದೆ. ಇಲ್ಲಿ ವಾರ ಕಳೆದಿತ್ತು, ಹಣ ಮುಂದೆ ಹೋಗಿಯಾಗಿತ್ತು. ಬುಕಿಂಗ್ ಸಂಖ್ಯೆ ಸಿಕ್ಕಿದ ಸಮಾಧಾನವೇ ಕುಟುಂಬ ದೂರು ಕೊಡುವುದನ್ನು ತಡಮಾಡಿತ್ತು ಎಂಬುದನ್ನು ನೋಡಿದರೆ, ಆ ಹೋಲ್ಡ್‌ನ ನಿಜವಾದ ಉಪಯೋಗ ಏನಾಗಿತ್ತು ಎಂಬುದು ತಿಳಿಯುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಸಂಖ್ಯೆ 1915) ದಾಖಲಾದ ದೂರಿಗೆ ಏಜೆಂಟರು ಉತ್ತರಿಸಿದರು. 30,000 ರೂಪಾಯಿ ಮರುಪಾವತಿ ಇಲ್ಲದ ಸೇವಾ ಶುಲ್ಕವೆಂದೂ, ಬಾಕಿ ಕಟ್ಟದೆ ಬುಕಿಂಗ್ ಕೈಬಿಟ್ಟವರು ಗ್ರಾಹಕರೇ ಎಂದೂ ಅವರ ವಾದ. ಈ ಷರತ್ತು ಇರುವ ಪುಟವನ್ನು ಅವರು ಕಳಿಸಿದ್ದು ಮುಂಗಡ ತೆಗೆದುಕೊಂಡ ಎರಡು ದಿನಗಳ ನಂತರ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟಗಾರರು ತಮ್ಮ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರವನ್ನು ಜಾಲತಾಣದಲ್ಲಿ ಹಾಕಿರಬೇಕು, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಇವರ ಜಾಲತಾಣದಲ್ಲಿ ಇದ್ದದ್ದು ಒಂದು ವಾಟ್ಸ್‌ಆ್ಯಪ್ ಸಂಖ್ಯೆ ಮಾತ್ರ.

ಎರಡನೆಯ ಬುಕಿಂಗ್

ಪ್ರವಾಸ ಕೈಬಿಡುವುದು ಬೇಡ ಎಂದು ಕುಟುಂಬ ನಿರ್ಧರಿಸಿದ್ದರಿಂದ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. ಬೆಂಗಳೂರಿನಲ್ಲಿ ಕಚೇರಿ ಇರುವ ಇನ್ನೊಬ್ಬ ಏಜೆಂಟರ ಬಳಿ, ಅದೇ ಹಡಗಿಗೆ, ಅದೇ ದಿನಕ್ಕೆ ವಿಚಾರಿಸಿದರು. ಹಡಗು ಕಂಪನಿಯ ದರ ಅಷ್ಟರಲ್ಲಿ ಬದಲಾಗಿರಲಿಲ್ಲ. ಈ ಏಜೆಂಟರು ಮೂಲದರದ ಶೇ 8ರಷ್ಟು, ಅಂದರೆ ತಲಾ 4,160 ರೂಪಾಯಿ ಬಿಟ್ಟುಕೊಟ್ಟರು. ನಾಲ್ವರಿಗೆ 2,35,360 ರೂಪಾಯಿ. ಹೋಟೆಲ್ ಮತ್ತು ವೀಸಾ ಬೇರೆ, ಟಿಸಿಎಸ್ ಬೇರೆ ಸಾಲಿನಲ್ಲಿ. ಹಡಗಿನ ಸಿಬ್ಬಂದಿಗಾಗಿ ಪ್ರತಿ ರಾತ್ರಿ ತಲಾ ಹಾಕಲಾಗುವ ಗ್ರಾಚುಯಿಟಿ (ಟಿಪ್ಸ್) ಈ ಬೆಲೆಯಲ್ಲಿ ಇಲ್ಲ, ಅದು ಡಾಲರ್ ಲೆಕ್ಕದಲ್ಲಿ ಹಡಗಿನ ಬಿಲ್ಲಿಗೆ ಬರುತ್ತದೆ ಎಂದು ಅವರೇ ಮೊದಲು ಹೇಳಿದರು. ಹಿಂದಿನ ದರಪಟ್ಟಿಯ ಜೊತೆ ಇಟ್ಟು ನೋಡಿದರೆ ಇದು ದುಬಾರಿಯಾಗಿಯೇ ಕಾಣುತ್ತದೆ, ಮತ್ತು ತಂದೆ ಹಾಗೆಂದು ಗೊಣಗಿದ್ದೂ ಉಂಟು.

ಇವರು ಹಣದ ಮಾತಿಗಿಂತ ಮುಂಚೆ ಕೇಳಿದ್ದು ನಾಲ್ಕೂ ಪಾಸ್‌ಪೋರ್ಟ್‌ಗಳ ಪ್ರತಿ. ತಾಯಿಯ ಹೆಸರಿನ ತೊಡಕನ್ನು ಅವರು ಆಗಲೇ ಗುರುತಿಸಿ, ಬುಕಿಂಗ್‌ನಲ್ಲಿ ಹೆಸರು ಹೇಗೆ ನಮೂದಾಗಬೇಕು ಎಂದು ಹಡಗು ಕಂಪನಿಯನ್ನು ಕೇಳಿ, ಬಂದ ಉತ್ತರವನ್ನು ಕುಟುಂಬಕ್ಕೂ ಕಳಿಸಿದರು. ಹಡಗು ಪಿನಾಂಗ್ ಮತ್ತು ಫುಕೆಟ್‌ಗೆ ಹೋಗಿ ಮತ್ತೆ ಸಿಂಗಪುರಕ್ಕೇ ಮರಳುವುದರಿಂದ, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾವೇ ಬೇಕು ಎಂಬುದನ್ನೂ ತಿಳಿಸಿದರು. ಹಣ ಹೋದದ್ದು ಸಂಸ್ಥೆಯ ಹೆಸರಿನ ಖಾತೆಗೆ, ಕ್ರೆಡಿಟ್ ಕಾರ್ಡ್‌ನಲ್ಲಿ, ಮತ್ತು ಮೊದಲ ಹಂತದಲ್ಲಿ ಡೆಪಾಸಿಟ್ ಮಾತ್ರ. ಡೆಪಾಸಿಟ್ ಸ್ವೀಕರಿಸಿದ್ದನ್ನೂ ಬಾಕಿಯ ಕೊನೆಯ ದಿನವನ್ನೂ ತೋರಿಸುವ, ಹಡಗು ಕಂಪನಿಯೇ ಹೊರಡಿಸಿದ ಪತ್ರ ಮರುದಿನವೇ ಬಂತು. ಸೊಸೆ ಫೋನ್ ಮಾಡಿ ಅದನ್ನೂ ಖಚಿತಪಡಿಸಿಕೊಂಡರು. ರದ್ದು ಮಾಡಿದರೆ ಹಡಗು ಕಂಪನಿ ಕಡಿತ ಮಾಡುವ ಮೊತ್ತ ಯಾನದ ದಿನ ಹತ್ತಿರವಾದಂತೆ ಏರುತ್ತಾ ಹೋಗುತ್ತದೆ. ಅದರ ಮೇಲೆ ಏಜೆಂಟರದೂ ಒಂದು ಪ್ರತ್ಯೇಕ ರದ್ದತಿ ಶುಲ್ಕ ಇತ್ತು. ಅದು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ, ಆದರೆ ಹಣ ಕಟ್ಟುವ ಮೊದಲೇ ಬರೆದು ತೋರಿಸಿದ್ದರು.

ಯಾನ ಸುಸೂತ್ರವಾಗಿ ಮುಗಿಯಿತು. 30,000 ರೂಪಾಯಿಗಾಗಿ ಕುಟುಂಬವು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ಆಧಾರದ ಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಿದೆ. ಏಜೆಂಟರ ವಿಳಾಸ ಬೇರೆ ರಾಜ್ಯದ್ದಾದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ದೂರಿಗೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ಕೊಟ್ಟರೆ ಸಾಕು, ಸಲ್ಲಿಕೆ ಆನ್‌ಲೈನ್‌ನಲ್ಲೂ ಆಗುತ್ತದೆ. ಸೇವಾ ಶುಲ್ಕದ ಷರತ್ತನ್ನು ಮುಂಗಡಕ್ಕಿಂತ ಮೊದಲೇ ತಿಳಿಸಿದ್ದೆವು ಎಂದು ಏಜೆಂಟರು ಲಿಖಿತ ಹೇಳಿಕೆಯಲ್ಲಿ ಬರೆದಿದ್ದಾರೆ. ದಿನಾಂಕ ಮತ್ತು ವೇಳೆ ಕಾಣುವಂತೆ ಮುದ್ರಿಸಿದ ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಕುಟುಂಬ ಅದಕ್ಕೆ ಉತ್ತರವಾಗಿ ಸಲ್ಲಿಸಿದ್ದು, ಪ್ರಕರಣ ಈಗ ಸಾಕ್ಷ್ಯದ ಹಂತದಲ್ಲಿದೆ.